ಪಾವಿನೊಳಗಿನ ಗಾಳಿ

ಒಂದು ಪಾವು ನೀರಿನ ತೂಕ ಯಾರು ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಅದೇ ಪಾವಿನಲ್ಲಿ ಮೈದಾ ಅಳೆಯಿರಿ, ಕೈ ಬದಲಾದಂತೆ ತೂಕವೂ ಬದಲಾಗುತ್ತದೆ. ಅಮೆರಿಕದ ಅಡುಗೆ ಪುಸ್ತಕಗಳ ಕಪ್ ಸುಮಾರು 237 ಮಿ.ಲೀ. ಹಿಡಿಯುತ್ತದೆ. ಮೈದಾವನ್ನು ಚಮಚದಿಂದ ಮೆಲ್ಲಗೆ ತುಂಬಿ ತಲೆ ಸವರಿದರೆ ಅದರಲ್ಲಿ 120 ಗ್ರಾಂ ಆಸುಪಾಸು ಇರುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ, ಒತ್ತಿ ತೆಗೆದರೆ 150 ದಾಟಬಹುದು. ಕೇಕು ಇಟ್ಟಿಗೆಯಾಗಲು ಅಷ್ಟು ವ್ಯತ್ಯಾಸ ಸಾಕು.

ಹಿಟ್ಟಿನ ಜೊತೆ ಗಾಳಿಯನ್ನೂ ಅಳೆಯುತ್ತಿದ್ದೇವೆ ಎಂಬುದೇ ಇದಕ್ಕೆ ಕಾರಣ. ಒಂದೇ ಗಾತ್ರದ ಗುಂಡುಗಳನ್ನು ಪಾತ್ರೆಗೆ ಸುರಿದು ಚೆನ್ನಾಗಿ ಕುಲುಕಿದರೂ ಅವು ಸುಮಾರು ಶೇ. 64ರಷ್ಟು ಜಾಗವನ್ನಷ್ಟೇ ತುಂಬುತ್ತವೆ. ಒಪ್ಪವಾಗಿ ಜೋಡಿಸಿದರೂ ಶೇ. 74 ದಾಟುವುದಿಲ್ಲ. 1611ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಊಹಿಸಿದ ಈ ಮಿತಿಗೆ ಥಾಮಸ್ ಹೇಲ್ಸ್ ಎಂಬ ಗಣಿತಜ್ಞರು ಪುರಾವೆ ಒದಗಿಸಿದ್ದು 1998ರಲ್ಲಿ! ಸಕ್ಕರೆಯ ಹರಳು ದಪ್ಪ. ತನ್ನ ಭಾರಕ್ಕೆ ತಾನೇ ಜಾರಿ ಕೂರುತ್ತದೆ. ಹಾಗಾಗಿ ಒಂದು ಕಪ್ ಸಕ್ಕರೆ ಯಾರ ಕೈಯಲ್ಲೂ 200 ಗ್ರಾಂ ಸುತ್ತಮುತ್ತಲೇ. ಮೈದಾದ ಕಣ ತೀರಾ ಸಣ್ಣದು. ಅದರ ತೂಕಕ್ಕಿಂತ ಪಕ್ಕದ ಕಣಕ್ಕೆ ಅಂಟುವ ಸೆಳೆತವೇ ಜೋರು. ಅದಕ್ಕೇ ಕಣಗಳು ಒಂದಕ್ಕೊಂದು ಹಿಡಿದುಕೊಂಡು, ನಡುವೆ ಪೊಳ್ಳು ಬಿಟ್ಟುಕೊಂಡು ನಿಲ್ಲುತ್ತವೆ. ಒತ್ತಿದರೆ ಪೊಳ್ಳು ಕುಸಿಯುತ್ತದೆ.

ಹಾಗಾದರೆ ಪಾವು, ಸೇರು ಹಿಡಿದೇ ಬದುಕಿದ ನಮ್ಮ ಅಡುಗೆ ಕೆಡಲಿಲ್ಲ ಏಕೆ? ಅಲ್ಲಿ ಗ್ರಾಂ ಮುಖ್ಯವಾಗಿರಲಿಲ್ಲ, ಅನುಪಾತ ಮುಖ್ಯವಾಗಿತ್ತು. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು ಎಂದರೆ ಪಾವು ಚಿಕ್ಕದಿದ್ದರೂ ದೊಡ್ಡದಿದ್ದರೂ ಇಡ್ಲಿ ಅದೇ. ಜೊತೆಗೆ ಅಕ್ಕಿ, ಬೇಳೆ ಒತ್ತಿದರೆ ಕುಸಿಯುವಂಥವೂ ಅಲ್ಲ. 1956ರ ತೂಕ-ಅಳತೆ ಕಾನೂನಿನ ನಂತರ ಅಂಗಡಿಗೆ ಕಿಲೋ ಬಂದರೂ ಪಾವು ಅಡುಗೆಮನೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ತೊಂದರೆ ಶುರುವಾಗುವುದು ಬೇರೆಯವರ ಕಪ್ಪಿನ ಅಳತೆಯನ್ನು ನಮ್ಮ ಲೋಟಕ್ಕೆ ಇಳಿಸಿದಾಗ. ಆ ಕಪ್ಪಿಗೆ ಶಿಸ್ತು ತರಲು ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಕಪ್ಪು, ಚಮಚಗಳ ತಲೆ ಸವರಿಯೇ ಅಳೆಯಬೇಕೆಂದು ಪಟ್ಟು ಹಿಡಿದರು. ಗೋಪುರದಂತೆ ತುಂಬುವ ರೂಢಿ ಅದರಿಂದ ತಗ್ಗಿತು, ಒಳಗಿನ ಗಾಳಿ ಹಾಗೇ ಉಳಿಯಿತು.

ಈ ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಯಂತ್ರ ಡಿಜಿಟಲ್ ತಕ್ಕಡಿ. ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ; ನಡುವೆ ತೂತು ಕೊರೆದು ಅಲ್ಲಿ ತೆಳುವಾಗಿಸಿರುತ್ತಾರೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತೆಳುವಾದ ಜಾಗದಲ್ಲಿ ಅಂಟಿಸಿದ ಲೋಹದ ಹಾಳೆಯ ಅಂಕುಡೊಂಕು ಪಟ್ಟಿ ಹಿಗ್ಗಿದರೆ ಅದರ ವಿದ್ಯುತ್ ರೋಧ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ. ಈ ಏರಿಳಿತ ಅತ್ಯಲ್ಪ. ನಾಲ್ಕು ಪಟ್ಟಿಗಳನ್ನು ವೀಟ್‌ಸ್ಟನ್ ಸೇತುವೆ ಎಂಬ ವಿದ್ಯುತ್ ಮಂಡಲವಾಗಿ ಜೋಡಿಸಿದರೆ ಅದು ಕೆಲವೇ ಮಿಲಿವೋಲ್ಟ್‌ಗಳ ವ್ಯತ್ಯಾಸವಾಗಿ ಹೊರಬರುತ್ತದೆ. ಚಿಪ್ ಅದನ್ನು ಹಿಗ್ಗಿಸಿ ಅಂಕಿಯಾಗಿಸುತ್ತದೆ. ಲೋಹಕ್ಕೆ ಅಂಟಿಸುವ ಈ ಸಂವೇದಕವನ್ನು ಅಮೆರಿಕದ ಎಂಜಿನಿಯರುಗಳಾದ ಸಿಮನ್ಸ್ ಮತ್ತು ರೂಜ್ 1938ರಲ್ಲಿ ಬೇರೆಬೇರೆಯಾಗಿಯೇ ಕಂಡುಹಿಡಿದರು.

ತಕ್ಕಡಿಗೂ ಒಂದು ಕುರುಡು ಇದೆ. ಬಿಸಿಲು, ಸೆಕೆಗೆ ಅಂಕಿ ತಾನಾಗಿ ತೆವಳದಿರಲೆಂದು ಹಲವು ತಕ್ಕಡಿಗಳು ಸೊನ್ನೆಯ ಬಳಿಯ ನಿಧಾನ ಬದಲಾವಣೆಯನ್ನು ಮತ್ತೆ ಸೊನ್ನೆಗೇ ಎಳೆದುಬಿಡುತ್ತವೆ. ಬಟ್ಟಲಿಟ್ಟು ಸೊನ್ನೆ ಮಾಡಿ, ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅವು ಅದನ್ನು ಸೆಕೆಯೆಂದೇ ತಿಳಿಯುತ್ತವೆ. ಪೂರ್ತಿ ಸೋಡಾವನ್ನು ಒಮ್ಮೆಗೇ ಸುರಿಯಬೇಕು. ಒಂದೊಂದು ಗ್ರಾಂ ಮಾತ್ರ ತೋರಿಸುವ ತಕ್ಕಡಿಯಾದರೆ, ಮೂರು ಗ್ರಾಂ ಸೋಡಾಕ್ಕೆ ತಲೆ ಸವರಿದ ಚಮಚವೇ ವಾಸಿ.