ಬಾಯಿ ಬಿಚ್ಚಿದ ಚೀಲ

ಸೋಮವಾರವೋ ಗುರುವಾರವೋ ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಘಾಟು ಬಡಿಯುತ್ತದೆ, ಆಮೇಲೆ ಕಣ್ಣಿಗೆ ಕೆಂಪು. ಸುಗ್ಗಿಯ ದಿನಗಳಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲ ಬಂದು ಬೀಳುತ್ತವೆ. ದಲಾಲಿ ಅಂಗಡಿಗಳ ಮುಂದೆ ಸಾಲುಸಾಲು ಲಾಟು, ಲಾಟಿಗೊಂದು ನಂಬರು. ಬಾಯಿ ಬಿಚ್ಚಿದ ಚೀಲದಿಂದ ಖರೀದಿದಾರ ಒಂದು ಹಿಡಿ ಕಾಯಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಅಂಗೈಯಲ್ಲಿ ಹಿಸುಕಿ ತೇವ ನೋಡುತ್ತಾನೆ, ಮುಂದಿನ ಲಾಟಿಗೆ ನಡೆಯುತ್ತಾನೆ. ಅವನು ಕೊಟ್ಟದ್ದು ಅರ್ಧ ನಿಮಿಷ. ರೈತ ಕೊಟ್ಟದ್ದು ಏಳೆಂಟು ತಿಂಗಳು.

ವಿಡಿಯೊ ಗೇಮ್ ಮಾಡಿ ಮಾರುವವರ ಪಾಡು ನನಗೆ ತಿಳಿದದ್ದು ಈ ಅರ್ಧ ನಿಮಿಷದ ಮೂಲಕವೇ. ಹಾವೇರಿಯ ದೇವಗಿರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ತರಳಬಾಳು ಸಂಸ್ಥೆಯ ಕಾಲೇಜಿನಲ್ಲೋ ಓದುವ ಹುಡುಗಿಯೊಬ್ಬಳು ಇವತ್ತು ತನ್ನ ಲ್ಯಾಪ್‌ಟಾಪಿನಲ್ಲಿ ಆಟವೊಂದನ್ನು ಕಟ್ಟಿ, ಊರು ಬಿಡದೆ ಲೋಕಕ್ಕೆಲ್ಲ ಮಾರಬಹುದು. ಈ ದಾರಿ ಯಾರೋ ಒಬ್ಬರು ಒಂದು ದಿನ ಕೂತು ಕಂಡುಹಿಡಿದದ್ದಲ್ಲ. ಒಂದು ಬಾಗಿಲು ಮಾಡಿದರು, ಅದು ಕೆಟ್ಟಿತು. ಅದರ ಕೇಡಿನಿಂದಲೇ ಇನ್ನೊಂದು ಬಾಗಿಲು ಹೊಳೆಯಿತು. ಆ ಕತೆ ನಮ್ಮ ಕಡೆಯ ಹುಡುಗರಿಗೆ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರ್ 12ರಂದು ಸ್ಟೀಮ್ ಎಂಬ ತಂತ್ರಾಂಶವನ್ನು ಬಿಟ್ಟಾಗ ಅಂಗಡಿ ಹಾಕುವುದು ಮುಖ್ಯ ಉದ್ದೇಶವಾಗಿರಲಿಲ್ಲ. ಅವರ ‘ಕೌಂಟರ್ ಸ್ಟ್ರೈಕ್’ ಆಟಕ್ಕೆ ತಿದ್ದುಪಡಿ ಬಂದಾಗಲೆಲ್ಲ ಹಳೆಯ ಆವೃತ್ತಿಯವರು ಆಟದಿಂದ ಕಡಿದುಹೋಗುತ್ತಿದ್ದರು. ತಿದ್ದುಪಡಿಯನ್ನು ಎಲ್ಲರಿಗೂ ತಾನಾಗಿ ತಲುಪಿಸಲು ಒಂದು ಕೊಳವೆ ಬೇಕಿತ್ತು. ಕೊಳವೆ ಹಾಕಿದ ಮೇಲೆ ಅದರಲ್ಲಿ ಬೇರೆಯವರ ಸರಕನ್ನೂ ಹರಿಸಬಹುದೆಂದು ಹೊಳೆಯಿತು.

ಹಾಗೆ ಹರಿದ ಮೊದಲ ಹೊರಗಿನ ಸರಕಿನ ಕತೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಮಾರ್ಕ್ ಹೀಲಿ ಎಂಬಾತ ಹಗಲು ಒಂದು ದೊಡ್ಡ ಗೇಮ್ ಕಂಪನಿಯಲ್ಲಿ ದುಡಿದು, ಬಿಡುವಿನಲ್ಲಿ ‘ರ‍್ಯಾಗ್ ಡಾಲ್ ಕುಂಗ್ ಫೂ’ ಎಂಬ ಆಟ ಮಾಡಿಕೊಂಡಿದ್ದ. ಗೆಳೆಯರಿಗೇ ವೇಷ ಹಾಕಿಸಿ ತೆಗೆದ ಕುಂಗ್ ಫೂ ಚಿತ್ರದಿಂದ ಹುಟ್ಟಿದ ಆಟ ಅದು. ಬಯಲಾಟಕ್ಕೆ ಊರ ಹುಡುಗರು ಕೂಡಿಕೊಂಡ ಹಾಗೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅದನ್ನು ತೋರಿಸಿದ. ವಾಲ್ವ್‌ನವರು ಮೆಚ್ಚಿ, ಅದೇ ಅಕ್ಟೋಬರ್‌ನಲ್ಲಿ ಸ್ಟೀಮ್ ಮೂಲಕ ಮಾರಿದರು. ಅಂಗಡಿಗೆ ಹೊರಗಿನವರ ಮೊದಲ ಸರಕು ಬಂದದ್ದೇ ಒಂದು ಮೇಳದ ಪ್ರದರ್ಶನದ ಮೂಲಕ, ಅಂದರೆ ನೋಡಿದವರ ಕಣ್ಣಿನ ಮೂಲಕ. ಇದನ್ನು ನೆನಪಿಡಿ, ಹದಿನಾಲ್ಕು ವರ್ಷ ಸುತ್ತಿ ಕತೆ ಇಲ್ಲಿಗೇ ಬರುತ್ತದೆ.

ಮುಂದಿನ ಏಳು ವರ್ಷ ಬಾಗಿಲಲ್ಲಿ ಮನುಷ್ಯರೇ ನಿಂತಿದ್ದರು. ಆಟ ಕಳಿಸಿದರೆ ಅವರು ನೋಡುವರು, ಬೇಕಾದ್ದನ್ನು ಒಳಬಿಡುವರು. ಕಳಿಸುವವರು ಹೆಚ್ಚಿದಂತೆ ಬಾಗಿಲು ಕಟ್ಟಿಕೊಂಡಿತು. ಆಗ 2012ರ ಆಗಸ್ಟ್ 30ರಂದು ‘ಗ್ರೀನ್‌ಲೈಟ್’ ಬಂತು: ಯಾರು ಬೇಕಾದರೂ ತಮ್ಮ ಆಟದ ಚಿತ್ರ, ವಿಡಿಯೊ, ವಿವರ ಹಾಕಲಿ, ಆಡುವ ಜನರೇ ಮತ ಹಾಕಿ ಆರಿಸಲಿ. ಕೇಳಲು ಎಷ್ಟು ಚೆಂದ! ಆದರೆ ಕೆಲವೇ ದಿನಗಳಲ್ಲಿ ಸುಳ್ಳು ಆಟಗಳು ತುಂಬಿಕೊಂಡವು. ವಾಲ್ವ್‌ನದೇ ಹೆಸರಾಂತ ಆಟ ‘ಹಾಫ್ ಲೈಫ್’ನ ಇನ್ನೂ ಹುಟ್ಟದ ಮೂರನೆಯ ಭಾಗವನ್ನು ಕೂಡ ಯಾರೋ ತಮ್ಮದೆಂದು ಹಾಕಿದ್ದರು. ವಾರ ಕಳೆಯುವುದರೊಳಗೆ 100 ಡಾಲರ್ ಶುಲ್ಕ ಇಟ್ಟರು. ಆ ಹಣವನ್ನು ಕಂಪನಿ ತಾನಿಟ್ಟುಕೊಳ್ಳದೆ, ಆಸ್ಪತ್ರೆಯ ಮಕ್ಕಳಿಗೆ ಆಟಿಕೆ ಕೊಡುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ ಕೊಟ್ಟಿತು. ಕಸ ಹಾಕುವವನಿಗೆ ಕೈ ತಡೆಯಲಿ ಎಂಬುದಷ್ಟೇ ಆ ಶುಲ್ಕದ ಕೆಲಸ.

ಕಸ ಕಡಿಮೆಯಾಯಿತು, ಮತದ ರೋಗ ಉಳಿಯಿತು. ಆಟ ಕಟ್ಟುವುದು ಬಿಟ್ಟು ಮತ ಕೂಡಿಸುವುದೇ ಕೆಲಸವಾಯಿತು. ಪರಿಚಯಸ್ತರ ಬಲವಿದ್ದವರು ಗೆದ್ದರು. ಗ್ರೀನ್‌ಲೈಟ್ ಒಳ್ಳೆಯದನ್ನು ಮಾಡಲಿಲ್ಲ ಎನ್ನಲಾಗದು. ಅದರ ಮೂಲಕ ಬಂದ ನೂರಕ್ಕೂ ಹೆಚ್ಚು ಆಟಗಳು ತಲಾ ಹತ್ತು ಲಕ್ಷ ಡಾಲರ್ ದಾಟಿದವೆಂದು ವಾಲ್ವ್ 2017ರಲ್ಲಿ ಹೇಳಿತು. ಆದರೂ ಅದೇ ವರ್ಷ ಅದನ್ನು ಮುಚ್ಚಿ, ಜೂನ್ 13ರಂದು ‘ಸ್ಟೀಮ್ ಡೈರೆಕ್ಟ್’ ತೆರೆದರು. ಈಗ ಮತವಿಲ್ಲ. ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು, ಮಾರಾಟ 1,000 ಡಾಲರ್ ಮುಟ್ಟಿದರೆ ಅದು ಮರಳಿ ಬರುತ್ತದೆ. ಈ ಶುಲ್ಕ 5,000 ಡಾಲರ್‌ವರೆಗೂ ಇರಬಹುದೆಂಬ ಚರ್ಚೆ ಮೊದಲು ನಡೆದಿತ್ತು. ಹಾಗೇನಾದರೂ ಆಗಿದ್ದರೆ ರಾಣೆಬೆನ್ನೂರಿನ ವಿದ್ಯಾರ್ಥಿನಿಯ ಪಾಲಿಗೆ ಈ ಬಾಗಿಲು ಇರುತ್ತಲೇ ಇರಲಿಲ್ಲ. 100 ಡಾಲರ್ ಎಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ, ಆ ಮೊತ್ತವೇ ಹಲವು ಮನೆಗಳಿಗೆ ಸಣ್ಣದಲ್ಲ.

ಬಾಗಿಲು ಅಗಲವಾದ ಮೇಲೆ ಬ್ಯಾಡಗಿಯ ತೊಂದರೆಯೇ ಅಲ್ಲೂ ಎದುರಾಯಿತು. 2024ರ ಒಂದೇ ವರ್ಷ ಸ್ಟೀಮ್‌ಗೆ ಬಂದ ಆಟಗಳು 18 ಸಾವಿರಕ್ಕೂ ಹೆಚ್ಚು. ಅಂಗಳಕ್ಕೆ ಚೀಲ ಬಂತು ಸರಿ, ಅದರ ಮುಂದೆ ನಿಲ್ಲುವವರು ಯಾರು?

ಉತ್ತರ ಸಿಕ್ಕಿದ್ದು ಮತ್ತೆ ಮೇಳದಲ್ಲಿ. 2019ರ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದ ಜೊತೆಗೆ, ಇನ್ನೂ ಬಿಡುಗಡೆಯಾಗದ ಹತ್ತಾರು ಆಟಗಳ ಮಾದರಿಯನ್ನು 48 ಗಂಟೆ ಪುಕ್ಕಟೆ ಆಡಲು ಬಿಟ್ಟರು. ಅದು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಕೊರೊನಾ ಬಂದು, 2020ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ, ಹೀಲಿ ತನ್ನ ಆಟ ತೋರಿಸಿದ್ದ ಅದೇ ಸಮ್ಮೇಳನ ರದ್ದಾಯಿತು. 1999ರಿಂದ ಅದರ ಜೊತೆಯಲ್ಲೇ ನಡೆದು ಬಂದ ಸ್ವತಂತ್ರ ಆಟಗಳ ಉತ್ಸವಕ್ಕೂ ಸಭಾಂಗಣವಿಲ್ಲದಾಯಿತು. ಅಲ್ಲಿ ಮೇಜು ಹಾಕಿಕೊಂಡು ಕೂರಬೇಕಿದ್ದವರ ನಲವತ್ತಕ್ಕೂ ಹೆಚ್ಚು ಆಟಗಳನ್ನು ಸ್ಟೀಮ್ ತನ್ನ ಪುಟದಲ್ಲೇ ಆಡಿಸಿತು. ಮೂರೇ ತಿಂಗಳಲ್ಲಿ, ಜೂನ್ ಮೇಳದ ಹೊತ್ತಿಗೆ, ಮಾದರಿಗಳು 900 ದಾಟಿದವು. 2021ರ ಜೂನ್‌ನಲ್ಲಿ ಅದಕ್ಕೆ ‘ನೆಕ್ಸ್ಟ್ ಫೆಸ್ಟ್’ ಎಂಬ ಹೆಸರು ನಿಂತಿತು. ಈಗ ಫೆಬ್ರುವರಿ, ಜೂನ್, ಅಕ್ಟೋಬರ್ ಎಂದು ವರ್ಷಕ್ಕೆ ಮೂರು ಸಲ ನಡೆಯುತ್ತದೆ.

ಮತ ಕೇಳಬೇಡ, ಚೀಲದ ಬಾಯಿ ಬಿಚ್ಚು. ಬ್ಯಾಡಗಿಯ ಹಮಾಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗೇಮ್ ಅಂಗಡಿಗೆ ಇಷ್ಟು ವರ್ಷ ಹಿಡಿಯಿತು.

ಇನ್ನು ನಿಯಮಗಳ ಮಾತು. ಹೊಸಬರು ಎಡವುವುದು ಆಟದಲ್ಲಿ ಕಡಿಮೆ, ಫಾರಮ್ಮುಗಳಲ್ಲಿ ಹೆಚ್ಚು. ಶುಲ್ಕ ಕಟ್ಟಿದ ದಿನದಿಂದ 30 ದಿನ ಆಗುವವರೆಗೆ ಮೊದಲ ಆಟವನ್ನು ಬಿಡುಗಡೆ ಮಾಡುವಂತಿಲ್ಲ. ‘ಶೀಘ್ರದಲ್ಲೇ’ ಎಂಬ ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣುತ್ತಿರಬೇಕು. ತೆರಿಗೆಯ ಪ್ರಶ್ನಾವಳಿಯಲ್ಲಿ ಪ್ಯಾನ್ ನಂಬರು ಕೊಟ್ಟು ಭಾರತ–ಅಮೆರಿಕ ಒಪ್ಪಂದದ ಲಾಭ ಕೇಳಿದರೆ ಅಮೆರಿಕದ ಮಾರಾಟದ ಮೇಲಿನ ಕಡಿತ 30ರ ಬದಲು ಶೇಕಡ 15ಕ್ಕೆ ಇಳಿಯುತ್ತದೆ. ಆ ಒಂದು ಸಾಲು ಖಾಲಿ ಬಿಟ್ಟವರು ಸುಮ್ಮನೆ ಕಳೆದುಕೊಳ್ಳುತ್ತಾರೆ. ಪುಟದ ಮೇಲಿನ ಪುಟ್ಟ ಚಿತ್ರವೇ ಚೀಲದ ಮೇಲ್ಪದರದ ಕಾಯಿ: ಬೆರಳುಗಾತ್ರಕ್ಕೆ ಕುಗ್ಗಿದಾಗಲೂ ಆಟದ ಹೆಸರು ಓದಲು ಬರಬೇಕು. ಆ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಸುವವರು ಒತ್ತಕ್ಷರಗಳನ್ನು ಸಣ್ಣ ಅಳತೆಯಲ್ಲಿ ನೋಡಿಯೇ ಮುಂದುವರಿಯಬೇಕು. ಇನ್ನೊಂದು ಮಾತು, ಮೇಳಕ್ಕೆ ‘ಬರುತ್ತೇನೆ’ ಎಂದು ಗುರುತು ಹಾಕಿದರೆ ಕೆಲಸ ಮುಗಿಯದು. ಮಾದರಿ ಆಟಕ್ಕೆ ಪ್ರತ್ಯೇಕ ನಂಬರು ಇರುತ್ತದೆ. ಅದನ್ನು ಪ್ರತ್ಯೇಕವಾಗಿಯೇ ಪರಿಶೀಲನೆಗೆ ಕಳಿಸಬೇಕು, ಒಪ್ಪಿಗೆ ಬಂದ ಮೇಲೆ ಬಿಡುಗಡೆಯ ಗುಂಡಿಯನ್ನು ನೀವೇ ಒತ್ತಬೇಕು.

ನಮ್ಮ ಮಾರುಕಟ್ಟೆಯೂ ಇಂಥದೇ ದಾರಿಯಲ್ಲಿ ಬಂದದ್ದು. ಮೊದಲು ಖರೀದಿದಾರರು ಲಾಟಿನ ದರವನ್ನು ಚೀಟಿಯಲ್ಲಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಹುಟ್ಟಿ, ರಾಜ್ಯದ ಮಾರುಕಟ್ಟೆಗಳಲ್ಲಿ ಒಂದೊಂದಾಗಿ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂತು. ಈ ಏಕೀಕೃತ ವ್ಯವಸ್ಥೆಯಿಂದ ಭತ್ತದ ದರ ಸರಾಸರಿ ಶೇಕಡ 5.1, ಶೇಂಗಾ 3.6, ಮೆಕ್ಕೆಜೋಳ 3.5ರಷ್ಟು ಏರಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ದರ ಬರೆಯುವ ವಿಧಾನ ಬದಲಾದರೂ ಲಾಟಿನ ಮುಂದೆ ನಿಂತು ಹಿಡಿ ಕಾಯಿ ಮೂಸುವುದನ್ನು ಬ್ಯಾಡಗಿಯಲ್ಲಿ ಯಾರೂ ಬಿಟ್ಟಿಲ್ಲ.

ಒಂದು ದೊಡ್ಡ ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಚೀಲದ ಬಾಯಿ ಹೊಲಿದು ಶೀತಲಗೃಹಕ್ಕೆ ಹಾಕಿ, ಗುರುವಾರವೋ ಮುಂದಿನ ಸೋಮವಾರವೋ ಮತ್ತೆ ಅಂಗಳಕ್ಕೆ ತರಬಹುದು. ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಆಟಕ್ಕೆ ಒಂದೇ ಸಲ ಅವಕಾಶ. ಈಗ ಪ್ರತಿ ಮೇಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಾದರಿಗಳು ಒಟ್ಟಿಗೆ ಬಾಯಿ ಬಿಚ್ಚುತ್ತವೆ. ಅದಕ್ಕೇ ಅನುಭವಸ್ಥರು ತಿಂಗಳುಗಟ್ಟಲೆ ಮೊದಲೇ ಪುಟ ತೆರೆದಿಟ್ಟು, ‘ಇದು ನನಗೆ ಬೇಕು’ ಎಂದು ವಿಶ್‌ಲಿಸ್ಟಿಗೆ ಹಾಕಿಕೊಳ್ಳುವವರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಳ್ಳುತ್ತಾರೆ. ಹಾಸ್ಟೆಲಿನ ಗೆಳತಿಯರ ಕೈಗೆ ಆಟ ಕೊಟ್ಟು, ಅವರು ಎಲ್ಲಿ ತಡವರಿಸಿದರು, ಎಲ್ಲಿ ಬೇಸತ್ತು ಬಿಟ್ಟೆದ್ದರು ಎಂದು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾರೆ. ಫೆಬ್ರುವರಿಗೆ ಸಿದ್ಧವಾಗದಿದ್ದರೆ ಜೂನ್‌ವರೆಗೆ ಕಾಯುತ್ತಾರೆ.