ಹಳೆಯ ಕಾರ್ ಸ್ಟೀರಿಯೋಗೆ ಎಂಪಿ3 ಪ್ಲೇಯರ್ ಜೋಡಣೆ

ವ್ಯಾಪಾರ ನಿಮಿತ್ತ ಊರೂರು ಸುತ್ತುವ ಹಳೆಯ ಕಾರುಗಳಲ್ಲಿ ಕೆಲವೆಡೆ ಕ್ಯಾಸೆಟ್ ಸ್ಟೀರಿಯೋ ಇಂದಿಗೂ ಸುಸ್ಥಿತಿಯಲ್ಲಿದೆ. ಜೇಬಿನಲ್ಲಿಡುವ ಪ್ಲೇಯರಿಗಾಗಿ ಇಡೀ ಸೆಟ್ಟನ್ನು ಬದಲಿಸುವುದು ಅನಗತ್ಯ ವೆಚ್ಚವೆನಿಸುತ್ತದೆ. ಮುಖಫಲಕದಲ್ಲಿ ‘ಆಕ್ಸ್’ ಕಿಂಡಿಯಿದ್ದಲ್ಲಿ, ಎರಡೂ ತುದಿಗಳಲ್ಲಿ 3.5 ಮಿ.ಮೀ. ಪಿನ್ನುಳ್ಳ ವೈರೊಂದೇ ಸಾಕು.

ಅದಿಲ್ಲದಿದ್ದಲ್ಲಿ ಕ್ಯಾಸೆಟ್ ಅಡಾಪ್ಟರ್ ಸೂಕ್ತ. ಕ್ಯಾಸೆಟ್ಟಿನ ಆಕಾರದ ಈ ಸಾಧನದೊಳಗೆ ಟೇಪಿನ ಬದಲು ಪುಟ್ಟ ಹೆಡ್ ಇರುತ್ತದೆ. ಪ್ಲೇಯರಿನಿಂದ ಬಂದ ವಿದ್ಯುತ್ ಸಂಕೇತವನ್ನು ಅದು ಕಾಂತಕ್ಷೇತ್ರವಾಗಿ ಮಾರ್ಪಡಿಸಿ ಸ್ಟೀರಿಯೋದ ಹೆಡ್ಡಿಗೆ ತಲುಪಿಸುತ್ತದೆ. ಸ್ಟೀರಿಯೋದ ಹೆಡ್ ಕೊಳೆಯಾಗಿದ್ದರೆ ಧ್ವನಿ ಮಂಕಾಗುತ್ತದೆ. ಅದನ್ನು ಶುಚಿಗೊಳಿಸದೆ ಅಡಾಪ್ಟರನ್ನೇ ದೂಷಿಸಿ ಅಂಗಡಿಗೆ ಮರಳಿಸುವವರುಂಟು.

ಎಫ್.ಎಂ. ಟ್ರಾನ್ಸ್‌ಮಿಟರಿಗೆ 88ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಕಂಪನಾಂಕ ಬೇಕು. ಬಾನುಲಿ ಕೇಂದ್ರಗಳು ಕಿಕ್ಕಿರಿದಿರುವ ಬೆಂಗಳೂರಿನಲ್ಲಿ ಅದು ಸುಲಭವಾಗಿ ದೊರೆಯದು. ಆದುದರಿಂದ ಬಿಡಿಭಾಗಗಳ ವರ್ತಕರು ಗ್ರಾಹಕರ ಸ್ಟೀರಿಯೋ ಯಾವ ಬಗೆಯದೆಂದು ವಿಚಾರಿಸಿದ ನಂತರವೇ ಸರಕು ನೀಡುವುದು ಲೇಸು. ಮರಳಿ ಬಂದ, ಪೊಟ್ಟಣ ಒಡೆದ ಮಾಲಿಗೆ ಪೂರ್ಣ ಬೆಲೆ ಹುಟ್ಟುವುದಿಲ್ಲ.