ಗೃಹಲಕ್ಷ್ಮಿ: ಅತ್ತೆಗೋ, ಸೊಸೆಗೋ?

ಪ್ರಶ್ನೆ: ಒಂದೇ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಇದ್ದರೆ ಗೃಹಲಕ್ಷ್ಮಿ ಹಣ ಅತ್ತೆಯ ಖಾತೆಗೇ ಬರುವುದೇಕೆ?

ಉತ್ತರ: ಕರ್ನಾಟಕ ಸರ್ಕಾರದ ಈ ಯೋಜನೆಯ ತಿಂಗಳ 2,000 ರೂಪಾಯಿ ಮನೆಗೆ ಒಬ್ಬ ಮಹಿಳೆಗೆ ಮಾತ್ರ. ಆಕೆ ಯಾರೆಂದು ರೇಷನ್ ಕಾರ್ಡ್ ಹೇಳುತ್ತದೆ. ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವರೇ ಯಜಮಾನಿ.

ಇದರ ಬೇರು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿದೆ. ಅದರ 13ನೇ ಸೆಕ್ಷನ್ ಪ್ರಕಾರ, ಪಡಿತರ ಚೀಟಿಯ ಮಟ್ಟಿಗೆ ಮನೆಯಲ್ಲಿರುವ 18 ವರ್ಷ ತುಂಬಿದ ಹೆಣ್ಣುಮಕ್ಕಳಲ್ಲಿ ಹಿರಿಯಳೇ ಮುಖ್ಯಸ್ಥೆ. ಹಾಗಾಗಿ ಕೂಡು ಕುಟುಂಬದಲ್ಲಿ ಸಹಜವಾಗಿಯೇ ಅತ್ತೆಯ ಹೆಸರು ಮೊದಲು ಬರುತ್ತದೆ. ಗಂಡಸರ ಹೆಸರಿನಲ್ಲೇ ನಡೆಯುತ್ತಿದ್ದ ಮನೆಯ ದಾಖಲೆಯನ್ನು ಹೆಣ್ಣಿನ ಹೆಸರಿಗೆ ತಂದ ಈ ಕಲಮು ನಿಜಕ್ಕೂ ದೊಡ್ಡದು.

ಬಿಪಿಎಲ್, ಅಂತ್ಯೋದಯ ಮಾತ್ರವಲ್ಲ, ಎಪಿಎಲ್ ಕಾರ್ಡಿನವರೂ ಅರ್ಹರು. ಆದರೆ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಹಣ ಸಿಗದು. ಇಲ್ಲಿ ನೋಡುವುದು ಗಂಡ ಹೆಂಡತಿಯ ತೆರಿಗೆಯನ್ನು.

ಅತ್ತೆ ತೀರಿಕೊಂಡರೆ ಹಣ ತಾನಾಗಿ ಸೊಸೆಗೆ ವರ್ಗವಾಗುವುದಿಲ್ಲ. ಆಹಾರ ಇಲಾಖೆಯಲ್ಲಿ ಕಾರ್ಡಿನ ಮುಖ್ಯಸ್ಥೆಯ ಹೆಸರು ಬದಲಿಸಿ, ಸೊಸೆ ಹೊಸದಾಗಿ ಅರ್ಜಿ ಹಾಕಬೇಕು. ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು.

ಇವತ್ತೇ ನಿಮ್ಮ ಮನೆಯ ಕಾರ್ಡ್ ತೆಗೆದು ಮುಖ್ಯಸ್ಥೆಯ ಹೆಸರು ನೋಡಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರಿಗೂ ಅದಕ್ಕೂ ವ್ಯತ್ಯಾಸವಿದ್ದರೆ ತಡಮಾಡದೆ ಸರಿಪಡಿಸಿಕೊಳ್ಳಿ.